ಕಪ್ಪತಗುಡ್ಡದ ಹಳದಿ ಹೂ

ನನ್ನ ತಂಗಿಯದೆಂದು ನನ್ನಲ್ಲಿ ಉಳಿದದ್ದು ಒಂದೇ ಚಿತ್ರ. ಫೋಟೋ ಅಲ್ಲ, ಆಗ ನಮ್ಮ ಮನೆಯಲ್ಲಿ ಯಾರೂ ಫೋಟೋ ತೆಗೆಸಿಕೊಂಡವರಲ್ಲ. ನೆನಪಿನ ಚಿತ್ರ. ಕಪ್ಪತಗುಡ್ಡದ ಮೇಲೆ, ಎಲೆಯಿಲ್ಲದ ಗಿಡವೊಂದರ ಬುಡದಲ್ಲಿ, ಕೆಂಪು ಬಂಡೆಗೆ ಒರಗಿ ಕೂತಿದ್ದಾಳೆ. ಉಡಿಯ ತುಂಬ ಹಳದಿ ಹೂ. ನಾನು ಕರೆದರೂ ತಿರುಗಿ ನೋಡುವುದಿಲ್ಲ.

ಅವಳಿಗೆ ಆಗ ನಾಲ್ಕು ವರ್ಷ, ನನಗೆ ಆರು. ಅವ್ವನ ಹರಕೆ ತೀರಿಸಲು ಉಣಕಲ್ಲಿನಿಂದ ಮನೆಮಂದಿಯೆಲ್ಲ ಗುಡ್ಡದ ಮಲ್ಲಯ್ಯನಿಗೆ ಹೋಗಿದ್ದೆವು. ಅದೇ ವರ್ಷ ಅವಳು ಜ್ವರದಲ್ಲಿ ತೀರಿಕೊಂಡಳು. ಆ ದಿನದ ನೆನಪು ನನಗಿಲ್ಲ. ನನ್ನನ್ನು ನೆರೆಮನೆಗೆ ಕಳಿಸಿದ್ದರೆಂದು ಮಾತ್ರ ಗೊತ್ತು.

ಮತ್ತೆ ಆ ಗುಡ್ಡ ಹತ್ತಿದ್ದು ಮೂವತ್ತರ ದಶಕದ ಕೊನೆಗೆ, ಧಾರವಾಡದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುವಾಗ, ತರಗತಿಯವರ ಜೊತೆ ಗಿಡಮರ ನೋಡಲು. ಫಾಲ್ಗುಣದ ಬಿಸಿಲು. ಹುಬ್ಬಳ್ಳಿಯಿಂದ ಗದಗಿನವರೆಗೆ ರೈಲು, ಮುಂದೆ ಚಕ್ಕಡಿ. ಎರೆಹೊಲಗಳು ಮುಗಿಯುವಲ್ಲಿ ಗುಡ್ಡದ ಸಾಲು ತಟ್ಟನೆ ಎದ್ದು ತುಂಗಭದ್ರೆಯ ದಿಕ್ಕಿಗೆ ಓಡುತ್ತದೆ. ಬಂಡೆಗಳು ಪದರು ಪದರಾಗಿ ಸೀಳಿ ನಿಂತಿವೆ; ಒಂದು ಪದರು ಕಪ್ಪು, ಒಂದು ತುಕ್ಕಿನ ಕೆಂಪು. ಸಣ್ಣ ಕಲ್ಲು ಎತ್ತಿದರೂ ಕೈ ಜಗ್ಗುವಷ್ಟು ಕಬ್ಬಿಣದ ಭಾರ. ಸಂದುಗಳಲ್ಲಿ ಕಳ್ಳಿ, ಕಾರೆ, ತಂಗಡಿ. ಉಳಿದದ್ದೆಲ್ಲ ಬಾದೆಹುಲ್ಲು, ಸೊಂಟದೆತ್ತರ, ಒಣಗಿ ಬಣಗುಟ್ಟುತ್ತಿತ್ತು. ತಿಕ್ಕಿ ಮೂಸಿದರೆ ಆಗಲೂ ಪರಿಮಳ.

ದಿನ್ನೆಯ ಮೇಲೆ ಗಿಡ ಕಂಡಿತು. ಒಂದೂ ಎಲೆಯಿಲ್ಲ, ಬರಿಯ ಟೊಂಗೆಗಳ ತುದಿಗೆ ಅಂಗೈಯಗಲ ಹಳದಿ ಹೂ. ನಾನು ಬುಡಕ್ಕೆ ಹೋಗಿ ಬಂಡೆ ಮುಟ್ಟಿ ನೋಡುತ್ತಿದ್ದೆ.

"ಏನ್ರೀ ಸಾಹೇಬ್ರ, ಕಲ್ಲಿನ ಕೂಡ ಲಗ್ನಾ ಮಾಡ್ಕೊಂಡೀರೇನು?" ಎಂದು ಗೆಳೆಯನೊಬ್ಬ ನಕ್ಕ.

ಪ್ರೊಫೆಸರರು ಏದುಸಿರು ಬಿಡುತ್ತ ಬಂದರು. "ಅರಿಶಿನ ಬುರುಗ. ಮಳಿಗಾಲದಾಗ ಬಂದ್ರ ಇದರ ಗುರ್ತಾ ಹತ್ತೂದಿಲ್ಲ ನಿಮಗ. ಮೈತುಂಬ ಎಲಿ. ಎಲಿ ಉದುರಿದ ಮ್ಯಾಲೇ ಹೂವು."

"ಶ್ರಾವಣದಾಗ ಒಂದರ ಹೂವು ಇರೂದಿಲ್ಲೇನ್ರಿ?" ಎಂದು ಕೇಳಿದೆ.

"ಗಿಡಾ ನಿಮ್ಮಂಗ ಅಲ್ಲಪಾ, ಅದು ವ್ಯಾಳ್ಯಾಕ್ಕ ಸರಿಯಾಗಿ ಬರ್ತೈತಿ."

ಎಲ್ಲರೂ ನಕ್ಕರು. ನನಗೆ ಹರಕೆಗೆ ಹೋದ ದಿನದ ಒದ್ದೆ ಹುಲ್ಲು ನೆನಪಿತ್ತು, ಅಪ್ಪನ ಕೊಡೆಯೂ ನೆನಪಿತ್ತು. ಕೊಡೆ ನಿಜವಾದರೆ ಹೂ ಸುಳ್ಳು.

ಮನೆಗೆ ಬಂದ ಮರುದಿನ ಮುಂಜಾನೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಅಷ್ಟರಲ್ಲಿ ತೀರಿಕೊಂಡಿದ್ದ, ಕೇಳುವುದಿದ್ದರೆ ಅವಳನ್ನೇ.

"ಅವ್ವಾ, ಮಲ್ಲಯ್ಯಗ ನಾವು ಯಾವಾಗ ಹೋಗಿದ್ವಿ?"

"ಶ್ರಾವಣ ಸ್ವಾಮಾರ. ಗಾಳಿಗೆ ನಿಮ್ಮಪ್ಪನ ಕೊಡಿ ಉಲ್ಟಾ ಆತು."

"ತಂಗಿ ಉಡ್ಯಾಗ ಹಳದಿ ಹೂವು ಇದ್ವಲ್ಲ?"

"ಆಕಿ ಗುಡ್ಡದಾಗ ಕೂತಿದ್ದರ ಎಲ್ಲೆ? ಹುಲ್ಲು ಕೊರೀತೈತಿ ಅಂತ ಅತ್ತು, ನಿಮ್ಮಪ್ಪನ ಹೆಗಲ ಮ್ಯಾಲಿಂದ ಇಳೀಲೇ ಇಲ್ಲ."

"ಇಲ್ಲವ್ವಾ, ಒರಗಿ ಕೂತಿದ್ಲು. ನಾ ಕರದೆ, ನೋಡ್ಲಿಲ್ಲ."

ಅವಳು ಆ ರೊಟ್ಟಿಯನ್ನು ಬೇಯಿಸಿ, ಬುಟ್ಟಿಗೆ ಹಾಕಿ, ಕೈ ಒರೆಸಿಕೊಂಡಳು.

"ಅದು ಗುಡ್ಡಾ ಅಲ್ಲಪಾ. ನಮ್ಮ ಪಡಸಾಲಿ. ದೀಪಾವಳಿ ಆಗಿತ್ತು, ಮನ್ಯಾಗ ಚೆಂಡುಹೂವು ರಾಶಿ ಇದ್ವು. ನೀ ನೆರಿಮನಿಯಿಂದ ತಪ್ಪಿಸ್ಕೊಂಡು ಬಂದಿ. 'ಏಳ, ಆಡೂಣು' ಅಂತ ಕರಕೋತ ನಿಂತಿ. ಯಾರೂ ನಿನ್ನ ಹಿಡೀಲಿಲ್ಲ. ಯಾರಿಗೂ ಕೈ ಬರಲಿಲ್ಲ."

ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ, ಹೂವಿನಿಂದ ಸಿಂಗರಿಸಿ, ಕೂತಂತೆಯೇ ಮಣ್ಣು ಕೊಡುತ್ತೇವೆ. ಎಷ್ಟೋ ಮನೆಗಳಲ್ಲಿ ನಾನೇ ಕಂಡಿದ್ದೆ. ಆದರೂ ನನ್ನ ಚಿತ್ರ ಅದೇ ಎಂದು ತಿಳಿದಿರಲಿಲ್ಲ.

ಅವ್ವನ ಮಾತನ್ನೂ ನಾನು ಪೂರ್ತಿ ನಂಬಿದೆ ಎನ್ನಲಾರೆ. ದುಃಖದಲ್ಲಿದ್ದವರು ಕಂಡದ್ದೆಷ್ಟು, ಆಮೇಲೆ ಕಟ್ಟಿಕೊಂಡದ್ದೆಷ್ಟು? ಹೂ, ಒರಗಿದ ಮೈ, ತಿರುಗದ ಮುಖ ಪಡಸಾಲೆಯವೇ ಇರಲಿ, ಆ ಬೋಳು ಗಿಡವನ್ನು ನಾನು ಎಲ್ಲಿಂದ ತಂದೆ? ಅದು ಮೊದಲಿನಿಂದಲೂ ಚಿತ್ರದಲ್ಲಿತ್ತೋ, ಫಾಲ್ಗುಣದಲ್ಲಿ ಕಂಡ ಮೇಲೆ ಹಿಂದಕ್ಕೆ ಹೋಗಿ ಬೇರೂರಿತೋ, ಇವತ್ತಿಗೂ ಹೇಳಲಾರೆ.

ಮುಂದಿನ ಶ್ರಾವಣದಲ್ಲಿ ಒಬ್ಬನೇ ಹೋದೆ. ಜಿಟಿಜಿಟಿ ಮಳೆ. ಕೆಂಪು ಬಂಡೆಗಳು ತೊಯ್ದು ಕಪ್ಪಾಗಿದ್ದವು. ಹುಡುಕಾಡಿ ಗಿಡ ಗುರುತಿಸಿದೆ. ಅಂಗೈಯಂಥ ಎಲೆಗಳು ಮೈತುಂಬ, ಹೂವಿನ ಸುಳಿವಿಲ್ಲ. ಹಸಿರು ಹುಲ್ಲು ಮೊಣಕಾಲನ್ನು ಕೊರೆಯಿತು. ಅವ್ವ ಹೇಳಿದ್ದರಲ್ಲಿ ಅಷ್ಟು ಖರೆ.

ಅಪ್ಪನ ಹೆಗಲ ಮೇಲೆ ಅಳುತ್ತಿದ್ದ ಹುಡುಗಿಯನ್ನು ನೆನಪಿಸಿಕೊಳ್ಳಲು ಬಹಳ ಹೊತ್ತು ನಿಂತೆ. ಅಪ್ಪ ಬಂದ, ಉಲ್ಟಾ ಆದ ಕೊಡೆಯೂ ಬಂತು. ಹೆಗಲ ಮೇಲೆ ಯಾರೂ ಇರಲಿಲ್ಲ. ಅವಳು ಇದ್ದದ್ದು ಗಿಡದ ಬುಡದಲ್ಲಿಯೇ, ಬಂಡೆಗೆ ಒರಗಿ, ಉಡಿಯ ತುಂಬ ಹೂ ಇಟ್ಟುಕೊಂಡು. ಈ ಸಲ ನಾನು ಕರೆಯಲಿಲ್ಲ.