ನಳಿಕೆಯ ಬಣ್ಣ ಹೇಳುತ್ತಿದ್ದವಳು

ಹಲ್ಲಿನ ಡಾಕ್ಟರು ಅವನನ್ನು ‘ಮೀನು ಡಾಕ್ಟರೇ’ ಎಂದೇ ಕರೆಯುತ್ತಿದ್ದರು. ನಿಮ್ಮ ಪೇಷೆಂಟುಗಳೇ ವಾಸಿ, ಬಾಯಿ ತೆಗೆದರೂ ಸದ್ದಿಲ್ಲ ಎಂದು ನಗುತ್ತಿದ್ದರು. ಕ್ಲಿನಿಕ್ಕಿನಲ್ಲಿ ಜನ ಕಾಯುವ ಕೋಣೆಯಲ್ಲಿ ಆರಡಿ ಉದ್ದದ ಗಾಜಿನ ತೊಟ್ಟಿ; ಒಳಗೆ ಮೀನಿಗಿಂತ ಗಿಡಗಳೇ ಹೆಚ್ಚು. ಹದಿನೆಂಟು ವರ್ಷದಿಂದ ಅದನ್ನು ನೋಡಿಕೊಳ್ಳುತ್ತಿದ್ದವನು ಅವನು.

ಅವನಿಗೊಂದು ಗುಟ್ಟಿತ್ತು. ಕೆಂಪು, ಹಸಿರು ಅವನ ಕಣ್ಣಿಗೆ ಒಂದೇ. ಗಿಡಗಳಿಗೆ ಗೊಬ್ಬರ ಎಷ್ಟು ಬೇಕೆಂದು ತಿಳಿಯುವುದೋ ಬಣ್ಣದಿಂದಲೇ. ತೊಟ್ಟಿಯ ನೀರನ್ನು ಗಾಜಿನ ನಳಿಕೆಗೆ ಹಾಕಿ, ಔಷಧದ ಹನಿ ಬಿಟ್ಟು ಕಾದರೆ, ಗೊಬ್ಬರ ಕಡಿಮೆಯಿದ್ದಲ್ಲಿ ಹಳದಿ, ಹೆಚ್ಚಿದ್ದಲ್ಲಿ ಕೆಂಪು. ಆ ಹಳದಿ ಕೆಂಪಿಗೆ ತಿರುಗುವುದೂ ಅವನಿಗೆ ತಿಳಿಯುತ್ತಿರಲಿಲ್ಲ. ಹೀಗಾಗಿ ವಾರಕ್ಕೊಮ್ಮೆ ಪುಟ್ಟ ಬಾಟಲಿಯಲ್ಲಿ ನೀರು ಮನೆಗೆ ಬರುತ್ತಿತ್ತು. ಹೆಂಡತಿ ಒದ್ದೆ ಕೈ ಒರೆಸಿಕೊಂಡು, ಅಡುಗೆಮನೆಯ ಕಿಟಕಿಯ ಬೆಳಕಿಗೆ ನಳಿಕೆ ಹಿಡಿದು ಬಣ್ಣ ಹೇಳುತ್ತಿದ್ದಳು. ಅವನು ಬರೆದುಕೊಳ್ಳುತ್ತಿದ್ದ.

ಒಂದು ಸಲ, ಆ ತೊಟ್ಟಿ ತೋರಿಸಿ ಎಂದು ಕೇಳಿದ್ದಳು. ಅಲ್ಲಿ ಬಾಯಿತಪ್ಪಿ ಏನಾದರೂ ಅಂದುಬಿಟ್ಟಾಳೆಂಬ ಹೆದರಿಕೆ ಅವನಿಗೆ. ನೋಡುವಂಥದ್ದೇನಿಲ್ಲ ಎಂದುಬಿಟ್ಟ. ಅವಳು ಮತ್ತೆ ಕೇಳಲಿಲ್ಲ.

ಈ ವರ್ಷ ಅವಳು ವಾರವಾರವೂ ಹಳದಿ ಎಂದೇ ಹೇಳತೊಡಗಿದಳು. ಅವನು ಗೊಬ್ಬರ ಏರಿಸುತ್ತ ಹೋದ. ಎಲೆಗಳ ಮೇಲೆ ಕೂದಲಿನಂಥ ಪಾಚಿ ಹಬ್ಬಿತು. ಹಲ್ಲಿನ ಡಾಕ್ಟರು ತಮಾಷೆ ನಿಲ್ಲಿಸಿದರು. ಅವನು ಮನೆಗೆ ಬಂದು ರೇಗಾಡಿದ. ನೆಟ್ಟಗೆ ನೋಡಿ ಹೇಳಲು ನಿನಗೇನು ಧಾಡಿ ಎಂದ.

ಅವಳು ಮೇಜಿನ ಅಂಚು ತಡವಿ, ನಳಿಕೆಯನ್ನು ಮೆಲ್ಲಗೆ ಇಟ್ಟಳು.

“ನಾಲ್ಕು ತಿಂಗಳಿಂದ ಸರಿಯಾಗಿ ಕಾಣ್ತಿಲ್ಲ ರೀ. ಹೇಳಿದ್ರೆ ನಿಮ್ಮ ಕೆಲಸ ಹೋಗುತ್ತೆ ಅಂತ, ಅಂದಾಜಿನ ಮೇಲೆ ಹೇಳ್ತಿದ್ದೆ.”

ನರ ಸೊರಗಿದೆ, ಹೋದ ದೃಷ್ಟಿ ಮರಳುವುದಿಲ್ಲ ಎಂದರು ಕಣ್ಣಿನ ಡಾಕ್ಟರು. ಇನ್ನೊಂದಿಷ್ಟು ಬೇಗ ಬಂದಿದ್ದರೆ ಎಂದು ಅರ್ಧಕ್ಕೇ ನಿಲ್ಲಿಸಿದರು.

ಪಾಚಿ ಕಿತ್ತು, ನೀರು ಬದಲಿಸಿ, ತೊಟ್ಟಿ ತಿಳಿಯಾಗಲು ಆರು ವಾರ ಹಿಡಿಯಿತು. ಆಮೇಲೆ ಅವನು ಅವಳ ಕೈಹಿಡಿದು ಕ್ಲಿನಿಕ್ಕಿಗೆ ಕರೆತಂದ. ಇಷ್ಟು ವರ್ಷ ನೀರು ನೋಡಿ ಹೇಳಿದವಳು ಇವಳೇ ಎಂದು ಹಲ್ಲಿನ ಡಾಕ್ಟರಿಗೆ ಹೇಳಿದ. ಡಾಕ್ಟರು ತಾವೇ ಕುರ್ಚಿ ಎಳೆದುಕೊಟ್ಟರು.

ಅವಳು ಗಾಜಿಗೆ ಹಣೆ ತಾಗುವಷ್ಟು ಹತ್ತಿರ ಕೂತಳು. ಬೆಳಕು, ಅದರ ನಡುವೆ ಎತ್ತರಕ್ಕೆ ಏನೋ ತೂಗಾಡುವುದು, ಅಷ್ಟೇ ಕಂಡದ್ದು.

“ಮಧ್ಯದಲ್ಲಿ ಎತ್ತರಕ್ಕಿದ್ಯಲ್ಲ, ಆ ಗಿಡ ಯಾವ ಬಣ್ಣ?”

ಕೆಂಪು ಜಾತಿಯದೆಂದು ಅಂಗಡಿಯವನು ಕೊಟ್ಟಿದ್ದ ಗಿಡ. ಈಗಲೂ ಕೆಂಪಗಿದೆಯೋ, ಬಣ್ಣ ಬಿಟ್ಟಿದೆಯೋ, ಅವನಿಗೆ ತಿಳಿಯದು.

“ಗೊತ್ತಾಗ್ತಿಲ್ಲ ಕಣೇ.”

“ಪರವಾಗಿಲ್ಲ,” ಅಂದಳು ಅವಳು. “ಅಂದಾಜಿನ ಮೇಲೆ ಹೇಳಿ.”