ಕುಂಕುಮ ಒರೆಸಿ ಹತ್ತಿದ ಗುಡ್ಡ

ಕಮಲಾಪುರದ ಆಚೆ, ಗುಡ್ಡದ ನೆತ್ತಿಯ ಮೇಲೆ ನಮ್ಮ ಹೊಲ. ಅಲ್ಲಿಗೆ ಹೋಗುವುದನ್ನು ದಾರಿ ಎಂದರೆ ದಾರಿಗೇ ಅವಮಾನ. ಗೋಡೆಯಂಥ ಏರು, ಕಾಲಿಟ್ಟರೆ ಜಾರುವ ಗರಸು, ನಡುವೆ ಮಳೆನೀರು ಕೊರೆದ ಕೊರಕಲು. ಮೊಣಕಾಲು ಹಿಡಿದುಕೊಂಡ ಮೇಲೆ ಅತ್ತೆ ಅದನ್ನು ಹತ್ತಿರಲಿಲ್ಲ. ಎಳ್ಳಮಾವಾಸ್ಯೆಗೆ ನಾವೆಲ್ಲ ಮೇಲೆ ಹೋಗಿ, ಹಬ್ಬದ ಅಡುಗೆಯ ಒಂದು ಪಾಲನ್ನು ಬೆಳೆಗೆ ಚರಗ ಚೆಲ್ಲಿ ಬರುವತನಕ ಅವರು ಕೆಳಗೆ ಬೇವಿನ ಮರದಡಿ ಕೂತಿರುತ್ತಿದ್ದರು. ನಾನು ಹಳೆಯ ಜೀಪು ಕೊಂಡು, ಕಪನೂರಿನ ಗ್ಯಾರೇಜಿನಲ್ಲಿ ದುರಸ್ತಿ ಮಾಡಿಸಿದ್ದು ಅದಕ್ಕೇ.

ಈ ಸಲ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಅವರ ಮಡಿಲಲ್ಲಿ ಭಜ್ಜಿ ಪಲ್ಯ, ಸಜ್ಜೆ ಕಡಬಿನ ಬುಟ್ಟಿ. ಯಜಮಾನರು ಮಾತ್ರ ಜೀಪಿಗಿಂತ ಸ್ವಂತ ಕಾಲನ್ನೇ ನಂಬಿ ಹಿಂದೆ ನಡೆದರು.

ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಗೇರು ಹಾಕಿ ಏರಿಸಿದೆ. ಅರ್ಧಕ್ಕೆ ಬಂದದ್ದೇ ತಡ, ಹಿಂದಿನ ಚಕ್ರಗಳು ಗರ್ರೆಂದು ಕಲ್ಲು ತೂರಿದವು. ಗಾಡಿ ಜಾರಿ ಜಾರಿ ಬುಡಕ್ಕೇ ಬಂತು.

"ಸಾಕ್ ಬಿಡು, ಇದು ಹತ್ತಂಗಿಲ್ಲ. ಅವ್ವ ಇಲ್ಲೇ ಕುಂದರ್ಲಿ," ಎಂದರು ಯಜಮಾನರು.

ಅತ್ತೆ ಬುಟ್ಟಿಯನ್ನು ಅವರ ಕೈಗೆ ಕೊಡಲು ಎತ್ತಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಇಳಿದು ಗಾಡಿ ಸುತ್ತಿದೆ. ಕಲ್ಲು ತೂರಿದ್ದು ಹಿಂದಿನ ಚಕ್ರಗಳು ಮಾತ್ರ. ಮುಂದಿನವು ಕೆಲಸವನ್ನೇ ಮಾಡಿರಲಿಲ್ಲ. ಮಾಡುವುದಾದರೂ ಹೇಗೆ? ಮುಂದಿನ ಒಂದೊಂದು ಚಕ್ರದ ನಟ್ಟನಡುವೆಯೂ ಒಂದು ತಿರುಗಣೆ ಇದೆ, ಅದನ್ನು ಬಿಗಿದರೇ ಆ ಚಕ್ರಕ್ಕೆ ಶಕ್ತಿ. ಊರೊಳಗೆ ಸಡಿಲ ಬಿಟ್ಟಿರುತ್ತೇವೆ, ಗುಡ್ಡ ಹತ್ತುವ ಮೊದಲು ಕೈಯಿಂದ ಬಿಗಿಯಬೇಕು. ಬೆಳಿಗ್ಗೆ ಗಾಡಿ ಪೂಜೆ ಮಾಡಿದ ಅತ್ತೆ ಅವುಗಳ ಮೇಲೆ ವಿಭೂತಿ ಕುಂಕುಮ ಎಷ್ಟು ಭಕ್ತಿಯಿಂದ ಮೆತ್ತಿದ್ದರೆಂದರೆ, ತಿರುಗಣೆ ಕಣ್ಣಿಗೂ ಬೀಳಲಿಲ್ಲ, ನೆನಪಿಗೂ ಬರಲಿಲ್ಲ.

ಬೆರಳಿಂದ ಕುಂಕುಮ ಒರೆಸತೊಡಗಿದೆ.

"ಏ, ಪೂಜಿ ಮಾಡಿದ್ದು ಅಳಸಬ್ಯಾಡವ್ವ! ಕೆಟ್ಟದಾಗ್ತದ!" ಅತ್ತೆ ಕೂತಲ್ಲಿಂದಲೇ ಕೂಗಿದರು.

"ಅಳಸಾಕತ್ತಿಲ್ರೀ ಅತ್ತಿ, ಹಚ್ಕೊಳ್ಳಾಕತ್ತೀನಿ," ಎಂದು ಆ ಕುಂಕುಮವನ್ನು ನನ್ನ ಹಣೆಗೇ ಬಳಿದುಕೊಂಡೆ. ಎರಡೂ ತಿರುಗಣೆ ಬಿಗಿದು ಮತ್ತೆ ಹತ್ತಿ ಕೂತೆ.

ಈ ಸಲ ಗಾಡಿಯ ಗತ್ತೇ ಬೇರೆ. ಮುಂದಿನ ಚಕ್ರಗಳು ಕಲ್ಲನ್ನು ಕಚ್ಚಿ ಎಳೆದವು. ಕೊರಕಲಿನ ಹತ್ತಿರ ಗಾಡಿ ವಾಲಿದಾಗ ಅತ್ತೆ ಬುಟ್ಟಿ ಬಿಟ್ಟು ನನ್ನ ತೊಡೆ ಹಿಡಿದರು. ಕಣ್ಣ ಮುಂದೆ ಬರೀ ಆಕಾಶ. ಆಮೇಲೆ ದಡಕ್ಕನೆ ಗಾಡಿಯ ಮೂತಿ ಇಳಿಯಿತು. ಎದುರಿಗೆ ಹಾಲುಗಟ್ಟಿದ ಜೋಳ. ನಾನು ಹುಚ್ಚಿಯಂತೆ ಹಾರ್ನ್ ಒತ್ತಿದೆ, ಒತ್ತುತ್ತಲೇ ಇದ್ದೆ.

ಅತ್ತೆ ಬದುವಿನ ಮೇಲೆ ನಿಂತು, ತೆನೆಗಳನ್ನು ಸವರಿ, ತಮ್ಮ ಕೈಯಾರೆ ಚರಗ ಚೆಲ್ಲಿದರು. ಕೊನೆಯ ಹಿಡಿ ಉಳಿಸಿಕೊಂಡು ಬಂದು ಜೀಪಿನ ಮುಂದಿನ ಚಕ್ರದ ಮೇಲೆ ಚೆಲ್ಲಿದರು. ಅಷ್ಟರಲ್ಲಿ ಏದುಸಿರು ಬಿಡುತ್ತಾ ಯಜಮಾನರು ಮೇಲೆ ಬಂದು ಮುಟ್ಟಿದರು.

"ಇಳಿಯೋ ಮುಂದ ನಾ ಹೊಡಿತೀನಿ, ಕೀಲಿ ಕೊಡು," ಎಂದು ನನ್ನತ್ತ ಕೈ ಚಾಚಿದರು.

"ನೀ ಬಂದಂಗೇ ನಡ್ಕೊಂತ ಇಳಿ," ಎಂದರು ಅತ್ತೆ. "ನಾನು ನನ್ನ ಸೊಸಿ ಗಾಡ್ಯಾಗ ಬರ್ತೀನಿ."