ಸೋಮವಾರ ಬರುವ ದನಿ

ಮೊದಲು ದನಿ ಒಡೆಯಿತು. ತರೀಕೆರೆಯ ಸಂತೆಯಲ್ಲಿ ಒಂದು ಜೋಡಿ ಹೋರಿ ತೋರಿಸುತ್ತಾ ಕೂಗುತ್ತಿದ್ದೆ. ಮಾತಿನ ನಡುವೆ ಗಂಟಲಿಂದ ಬರೀ ಗಾಳಿ ಬಂತು. ದನದ ದಲ್ಲಾಳಿಗೆ ದನಿ ಕೂರುವುದು ಹೊಸದೇನಲ್ಲ. ಬಿಸಿನೀರು ಕುಡಿದೆ, ಲವಂಗ ಅಗಿದೆ. ಬೀಡಿ ಬಿಡಲಿಲ್ಲ. ಮಳೆಗಾಲ ಕಳೆದರೂ ದನಿ ಏಳಲಿಲ್ಲ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಸ್ಕೋಪ್ ಹಾಕಿ ನೋಡಿದರು. ಬಯಾಪ್ಸಿ ಆಯಿತು. ಡಾಕ್ಟರಮ್ಮ ಹೆಂಡತಿಯ ಕಡೆ ತಿರುಗದೆ ನನಗೇ ಹೇಳಿದರು, "ವಾಯ್ಸ್ ಬಾಕ್ಸ್ ತೆಗೀಬೇಕು. ಈಗಲೇ ತೆಗೆದರೆ ಜೀವ ಉಳಿಸಬಹುದು. ಮಾತು ಮಾತ್ರ ಹೋಗುತ್ತೆ."

ಮಾತ್ರ ಅಂದರು.

ಈಗ ಕತ್ತಿನ ತೂತಿನಿಂದ ಉಸಿರಾಡುತ್ತೇನೆ. ಅದರ ಮೇಲೊಂದು ತೆಳು ಬಟ್ಟೆ. ಸ್ನಾನದ ಹೊತ್ತಿಗೆ ಅದರೊಳಗೆ ನೀರು ಹೋಗದಂತೆ ನನ್ನ ಹೆಂಡತಿ ಗಿರಿಜೆ ಕಾವಲು ನಿಲ್ಲುತ್ತಾಳೆ. ಅಜ್ಜಂಪುರದ ಮನೆಗೆ ನೋಡಲು ಬಂದವರದೆಲ್ಲ ಒಂದೇ ಸಮಾಧಾನ: ನಿನ್ನ ವ್ಯಾಪಾರ ಟವೆಲ್ ಕೆಳಗೆ ನಡೆಯೋದು, ಬಾಯಿ ಯಾಕೆ ಬೇಕು. ನಾವು ದರ ಮಾತಾಡುವುದು ಟವೆಲ್ ಮರೆಯಲ್ಲಿ ಬೆರಳು ಹಿಡಿದು, ಅದು ನಿಜ. ಆದರೆ ಟವೆಲ್ ಕೆಳಗೆ ಕೈ ಬರಬೇಕಾದರೆ ಮೊದಲು ಗಿರಾಕಿ ನಿಲ್ಲಬೇಕು. ಅವನನ್ನು ನಿಲ್ಲಿಸುವುದು, ನಗಿಸುವುದು, ಹೋರಿಯ ಸುತ್ತ ಒಂದು ಸುತ್ತು ಹಾಕಿಸುವುದು ಎಲ್ಲ ಬಾಯಿಯ ಕೆಲಸ.

ಬರೆದು ಮಾತಾಡಿ ಅಂತ ಆಸ್ಪತ್ರೆಯಲ್ಲಿ ಒಂದು ಸ್ಲೇಟು ಕೊಟ್ಟಿದ್ದರು. ನಾನು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಅಕ್ಷರ ಕೂಡಿಸುವಷ್ಟರಲ್ಲಿ ಎದುರಿನವರು ಬೇರೆ ಮಾತಿಗೆ ಹೋಗಿರುತ್ತಿದ್ದರು. ಜನ ದಾರಿ ಬಿಟ್ಟು ನಿಲ್ಲುವ ಹಾಗೆ ಹೋರಿ ಹೊಡೆದುಕೊಂಡು ಬರುತ್ತಿದ್ದವನು ಸಂತೆಯಲ್ಲಿ ಸ್ಲೇಟು ಹಿಡಿದು ನಿಲ್ಲಬೇಕೆ? ಸಂತೆಗೆ ಹೋಗುವುದನ್ನೇ ಬಿಟ್ಟೆ.

ಚೆಕಪ್‌ಗೆ ಹೋದಾಗ ಸ್ಪೀಚ್ ಥೆರಪಿಸ್ಟ್ ಒಂದು ಟ್ಯಾಬ್ ತೋರಿಸಿದರು. ಚಿತ್ರ ಮುಟ್ಟಿದರೆ ಅದು ಮಾತಾಡುತ್ತದೆ. ಲೋಟ ಮುಟ್ಟಿದೆ. "ನನಗೆ ನೀರು ಬೇಕಾಗಿದೆ" ಅಂತ ಅದರೊಳಗಿಂದ ಯಾರೋ ಪೇಟೆ ಹುಡುಗಿ ಅಂದಳು. ನನಗೆ ಬೇಡ ಅಂತ ಕೈಯಾಡಿಸಿದೆ. ಈ ದನಿಯಲ್ಲಿ ಹೋರಿ ಮಾರಿದರೆ ಹೋರಿಯೇ ನಕ್ಕೀತು. ನಿಮ್ಮದೇ ಹಳೇ ರೆಕಾರ್ಡಿಂಗ್ ಇದ್ದರೆ ಅದನ್ನೂ ಹಾಕಬಹುದು ಅಂದರು. ದಲ್ಲಾಳಿ ಮಾತನ್ನು ಯಾರು ರೆಕಾರ್ಡ್ ಮಾಡಿಟ್ಟಿರುತ್ತಾರೆ?

ಜೊತೆಗೆ ಬಂದಿದ್ದ ಮಗಳು ಸವಿತಾ ತಟ್ಟನೆ ನನ್ನ ತೋಳು ಹಿಡಿದಳು. "ಅಪ್ಪಾ, ನಿನ್ನ ವಾಯ್ಸ್ ಮೆಸೇಜ್."

ಟೈಪ್ ಮಾಡಲು ಬರದವನೆಂದು ಇಷ್ಟು ವರ್ಷ ಎಲ್ಲರಿಗೂ ಮಾತಲ್ಲೇ ಮೆಸೇಜ್ ಕಳಿಸುತ್ತಿದ್ದೆ.

ಅವಳು ನಮ್ಮ ಸಂತೆಯ ವಾಟ್ಸಾಪ್ ಗ್ರೂಪಿನಲ್ಲಿ ನನ್ನ ಹಳೇ ಮೆಸೇಜ್ ಕೇಳಿದಳು. ಕಡೂರಿಂದ ಬಂತು, ಲಕ್ಕವಳ್ಳಿಯಿಂದ ಬಂತು. ಎಮ್ಮೆದೊಡ್ಡಿಯ ನನ್ನ ಹಳೇ ಗಿರಾಕಿ ರಂಗಪ್ಪ ಫೋನ್ ಮಾಡಿ, "ನಿಮ್ಮಪ್ಪ ಬೈದಿರೋವೂ ಅವೆ ಕಣವ್ವ, ಕಳಿಸ್ಲಾ?" ಅಂದ. ಅವು ಮೊದಲು ಬೇಕು ಅಂದಳು ಸವಿತಾ. ಸಂಜೆ ಜಗುಲಿ ಮೇಲೆ ಕೂತು ಕೇಳಿದೆವು. "ಲೇ ರಂಗ, ಹೋರಿ ಕೊಂಬು ನೋಡ್ಕಂಡು ನಿಂತ್ರೆ ಆಯ್ತೇನೋ, ನಡಿಗೆ ನೋಡೋ." ನನ್ನದೇ ದನಿ. ಸ್ವಲ್ಪ ಜಂಬದ್ದು. ನನ್ನ ಭುಜ ಕುಲುಕತೊಡಗಿತು. ನಗುವಿಗೂ ಈಗ ಸದ್ದಿಲ್ಲವಲ್ಲ, ಅಳುತ್ತಿದ್ದೇನೆಂದು ಗಿರಿಜೆ ಓಡಿಬಂದಳು. ಎರಡೂ ಇತ್ತು.

ಕಡೂರಿನ ಅಂಗಡಿಯಲ್ಲಿ ಟ್ಯಾಬ್ ಆರ್ಡರ್ ಮಾಡಿದೆವು. ಅಭ್ಯಾಸಬಲ, ಅಂಗಡಿಯವನ ಕೈ ಮೇಲೆ ಟವೆಲ್ ಹೊದಿಸಿ ಬೆರಳು ಹಿಡಿದೆ. ಅವನು ಹೆದರಿ ಕೈ ಕಿತ್ತುಕೊಂಡ. "ಇಲ್ಲಿ ಫಿಕ್ಸೆಡ್ ರೇಟು ಯಜಮಾನ್ರೇ" ಅಂದ. ಸವಿತಾ ನಗು ತಡೆಯಲಾರದೆ ಹೊರಗೆ ಹೋದಳು. ಟ್ಯಾಬ್ ಸೋಮವಾರ ಬರುತ್ತದಂತೆ.

ಅವತ್ತಿನಿಂದ ಅದಕ್ಕೆ ಕೆಲಸ ಹಚ್ಚುತ್ತಲೇ ಇದ್ದೇನೆ. ಕಂಡಕ್ಟರಿಗೆ ಊರು ಹೇಳಬೇಕು. ಹೋರಿ ನಡೆಯುವ ವೀಡಿಯೋ ತೆಗೆದು ದೊಡ್ಡದಾಗಿ ತೋರಿಸಬೇಕು. ಕತ್ತಿನ ತೂತನ್ನು ಡಾಕ್ಟರಮ್ಮನಿಗೆ ಮನೆಯಿಂದಲೇ ತೋರಿಸಬೇಕು. ಮಾತ್ರೆಯ ಹೊತ್ತಿಗೆ ಅದು ಕೂಗಬೇಕು. ಸಂಜೆ ನಾಟಕ ಹಾಕಬೇಕು. ಇಷ್ಟನ್ನೂ ಕೈಸನ್ನೆಯಲ್ಲಿ ಹೇಳಿ ಮುಗಿಸಿದರೆ ಗಿರಿಜೆ, "ತರ್ತಿರೋದು ಟ್ಯಾಬೋ, ಉಳೋ ಎತ್ತೋ? ಅದಕ್ಕೂ ಸುಸ್ತಾಗುತ್ತೆ ಬಿಡಿ" ಅಂದಳು. ಅನ್ನುತ್ತಲೇ ನನ್ನ ವ್ಯಾಪಾರದ ಟವೆಲನ್ನೇ ಮಡಿಸಿ ಟ್ಯಾಬಿಗೊಂದು ಚೀಲ ಹೊಲಿದಿಟ್ಟಳು.

ನಿನ್ನೆ ತನ್ನ ಫೋನನ್ನೂ ಸವಿತಾಳ ಕೈಗೆ ಕೊಟ್ಟಳು. ಅದರ ತುಂಬ ಕಡೂರಿನಿಂದ ವಾಪಸ್ ಬರುವಾಗಲೆಲ್ಲ ಬಸ್ಸಿನಿಂದ ನಾನು ಕಳಿಸಿದ ಮೆಸೇಜು. ಒಂದನ್ನೂ ಅಳಿಸಿರಲಿಲ್ಲ. "ಬೀರೂರು ದಾಟ್ದೆ ಕಣೇ, ಅನ್ನಕ್ಕಿಡು." ಎಲ್ಲ ಅದೇ ಮಾತು, ಒಂದು ಸಾಕಲ್ಲಮ್ಮ ಅಂದಳು ಮಗಳು.

"ಒಂದೇ ಥರ ಎಲ್ಲೈತೆ? ಒಂದಿನ ಸಿಟ್ಟು, ಒಂದಿನ ಹಸಿವು. ಎಲ್ಲಾ ಹಾಕು."

ಕ್ಯಾನ್ಸರ್ ವಾಪಸ್ ಬರುವುದಿಲ್ಲವೆಂದು ಯಾರೂ ಬರೆದುಕೊಟ್ಟಿಲ್ಲ. ಸ್ಕ್ಯಾನಿಗೆ ಹೋಗುತ್ತಲೇ ಇರಬೇಕು. ಆದರೂ ಸೋಮವಾರ ಟ್ಯಾಬ್ ತರಲು ಮಗಳ ಜೊತೆ ನಾನೂ ಕಡೂರಿಗೆ ಹೋಗುತ್ತೇನೆ. ಅಂಗಡಿಯಲ್ಲೇ ನನ್ನ ಮಾತೆಲ್ಲ ಅದಕ್ಕೆ ತುಂಬಿಸಿಕೊಡುತ್ತಾಳಂತೆ. ಬರುವಾಗ ಕಿಟಕಿ ಪಕ್ಕ ಕೂರುತ್ತೇನೆ. ಬೀರೂರು ದಾಟಿದ ಮೇಲೆ ಮನೆಗೆ ಫೋನ್ ಹಚ್ಚಿ ಟ್ಯಾಬಿನಲ್ಲಿ ಆ ಮಾತಿನ ಬಟನ್ ಒತ್ತುತ್ತೇನೆ, ಹಸಿದಿರುವ ದಿನದ್ದು.

ಅವಳು ಅನ್ನಕ್ಕಿಡಲಿ.